ವಾಪಸ್ ದಾರಿ ಒರೆಸಿದವನು

“ಬುದ್ಧಿ, ಬೇಡದ ನೆನಪನ್ನು ಮನಸ್ಸಿನಿಂದ ಒರೆಸಿಹಾಕುವುದು ಹೇಗೆ?” ಎಂದು ಗುರುಸಿದ್ದ ಕೇಳಿದ. ಅವನು ಹೆಂಡತಿಯ ಮೇಲೆ ಮುನಿಸಿಕೊಂಡು ಮಠ ಸೇರಿದವನು. “ದಿನಾ ಅದೇ ಮನೆ, ಅದೇ ಹೆಂಡತಿ. ಒಂದು ಸಲ ಬಾಳಿ ಬಿಟ್ಟುಬಂದದ್ದು ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತದೆ. ಅದರಿಂದ ಏನು ಉಪಯೋಗ?”

ಸ್ವಾಮಿಗಳು ಮಜ್ಜಿಗೆಯ ಲೋಟ ಕೆಳಗಿಟ್ಟರು. “ಕೂತುಕೋ, ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದೆಯೋ, ಎದ್ದು ಹೋಗುತ್ತೇನೆ.”

ನಮ್ಮ ಮಠದ ಮುಂದೆ ಹೆಲ್ಮೆಟ್ ಹಾಕಿಕೊಂಡು ದೂರದೂರಕ್ಕೆ ಸೈಕಲ್ ತುಳಿಯುತ್ತಾ ಹೋಗುತ್ತಾರಲ್ಲ, ಅವರ ಹ್ಯಾಂಡಲ್ ಮೇಲೆ ಒಂದು ಪುಟ್ಟ ಯಂತ್ರ ಇರುತ್ತದೆ. ಅದರಲ್ಲಿ ದಾರಿಯ ಗೆರೆ ಮೂಡುತ್ತದೆ. ಗೆರೆಯ ಮೇಲೆ ಹೋದರೆ ಸುಮ್ಮನಿರುತ್ತದೆ, ಬಿಟ್ಟರೆ ಕಿರುಚುತ್ತದೆ.

ಆ ಗೆರೆಯ ಫೈಲನ್ನು ಮೊದಲು ಯಾರೋ ಒಬ್ಬ ಹೋಗಿಬಂದು ತಂದಿರುತ್ತಾನೆ. ಅವನು ಟೀ ಅಂಗಡಿಗೆ ನುಗ್ಗಿದ್ದು, ಬೇಲಿಯ ಮರೆಗೆ ಹೋದದ್ದು, ನಾಯಿ ಅಟ್ಟಿಸಿಕೊಂಡು ಬಂದದ್ದು, ಎಲ್ಲವೂ ಅದರಲ್ಲಿ ದಾಖಲಾಗಿರುತ್ತದೆ. ಅಂಥದ್ದನ್ನೆಲ್ಲ ತೆಗೆದು ಫೈಲನ್ನು ಚೊಕ್ಕ ಮಾಡುವವನೊಬ್ಬನಿದ್ದ. ಅವನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಆದರೆ ಗೆರೆಯಲ್ಲಿ ಒಂದು ಸುಕ್ಕು ಕಂಡರೂ ಊಟ ಸೇರುತ್ತಿರಲಿಲ್ಲ.

ಒಬ್ಬ ಸವಾರನಿದ್ದ. ಅವನಿಗೆ ತನ್ನ ಸೈಕಲ್ ಎಂದರೆ ಪ್ರಾಣ. ದೂರದ ಬೆಟ್ಟವನ್ನು ಮುಟ್ಟಿ, ಅದೇ ದಾರಿಯಲ್ಲಿ ಬೆಳಕಿರುವಾಗಲೇ ಮನೆ ಸೇರುತ್ತೇನೆ, ಇಲ್ಲವಾದರೆ ಸೈಕಲ್ಲನ್ನು ನಿನ್ನ ತಮ್ಮನಿಗೇ ಕೊಟ್ಟುಬಿಡುತ್ತೇನೆ ಎಂದು ಜಂಬದಲ್ಲಿ ಹೆಂಡತಿಗೆ ಮಾತು ಕೊಟ್ಟಿದ್ದ.

ಚೊಕ್ಕ ಮಾಡುವವನು ಆ ದಾರಿಯ ಫೈಲ್ ತೆರೆದ. ಉದ್ದಕ್ಕೂ ಗೆರೆಯ ಮೇಲೆ ಇನ್ನೊಂದು ಗೆರೆ! “ಅಯ್ಯೋ ಶಿವನೇ, ಇದ್ದದ್ದನ್ನೇ ಎರಡೆರಡು ಸಲ ಬರೆದಿದ್ದಾನಲ್ಲ” ಎಂದು ಮೇಲಿನದನ್ನು ಒರೆಸಿದ. ಉಳಿದ ಗೆರೆ ದಾರ ಎಳೆದ ಹಾಗೆ ಕಂಡಿತು. ಅವತ್ತು ಎರಡು ತುತ್ತು ಹೆಚ್ಚಿಗೆ ಉಂಡ.

ಸವಾರ ಆ ಗೆರೆ ಹಿಡಿದೇ ಮಧ್ಯಾಹ್ನಕ್ಕೆ ಬೆಟ್ಟ ಮುಟ್ಟಿದ. “ಪ್ರಯಾಣ ಮುಗಿಯಿತು, ಅಭಿನಂದನೆಗಳು” ಎಂದಿತು ಯಂತ್ರ. ಸೈಕಲ್ ತಿರುಗಿಸಿದ. “ತಪ್ಪು ದಿಕ್ಕು” ಎಂದಿತು. ಮತ್ತೆ ಬೆಟ್ಟದ ಕಡೆ ತಿರುಗಿಸಿದ. ಮತ್ತೆ ಅಭಿನಂದನೆ. ಪಾಪ, ಹೇಳಿದ ಮಾತು ಕೇಳುವ ಮನುಷ್ಯ. ಯಂತ್ರ ಬೇಡವೆಂದ ಕಡೆಗೆ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಚೊಕ್ಕ ಮಾಡುವವನಿಗೇ ಫೋನ್ ಮಾಡಿದ.

“ವಾಪಸ್ ಬರುವ ದಾರಿ ಎಲ್ಲಿ ಸ್ವಾಮಿ?”

“ಹೋದದ್ದೇ ಕಣ್ರೀ. ಸುಮ್ಮನೆ ಎರಡು ಯಾಕೆ ಅಂತ ಒಂದನ್ನು ತೆಗೆದೆ.”

“ಹಾಗಾದರೆ ನಾನು ಇಲ್ಲೇ ಇರಲೇ?”

ಚೊಕ್ಕ ಮಾಡುವವನು ಫೈಲನ್ನು ಇನ್ನೊಮ್ಮೆ ತೆರೆದು ನೋಡಿದ. ಆಮೇಲೆ, “ಅದಿರಲಿ, ಗೆರೆ ಎಷ್ಟು ಚೆನ್ನಾಗಿ ಬಂದಿದೆ, ನೋಡಿದಿರಾ?” ಎಂದ.

ಸವಾರ ಯಂತ್ರವನ್ನು ಜೇಬಿಗೆ ತುರುಕಿ ಹೊರಟ. ಅದು ಜೇಬಿನಲ್ಲೇ ಕಿರುಚುತ್ತಿತ್ತು. ಹೋಗುವಾಗ ಗೆರೆಯನ್ನಲ್ಲದೆ ಒಂದು ಮರವನ್ನೂ ನೋಡಿರಲಿಲ್ಲ ಪುಣ್ಯಾತ್ಮ. ದಾರಿ ಕವಲೊಡೆದಲ್ಲೆಲ್ಲ ನಿಂತ, ಯಾರು ಯಾರನ್ನೋ ಕೇಳಿದ, ಯಾವ ಯಾವುದೋ ಊರು ಹೊಕ್ಕು ಹೊರಬಂದ. ಮನೆ ಮುಟ್ಟಿದಾಗ ಬೀದಿ ದೀಪ ಹತ್ತಿತ್ತು. ಬಾಗಿಲಲ್ಲಿ ಬಾಮೈದ ಗಾಳಿ ಹೊಡೆಯುವ ಪಂಪು ಹಿಡಿದು ನಿಂತಿದ್ದ.

ಗುರುಸಿದ್ದ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದನಪ್ಪಾ ಅವನು! ಮನೆಗೆ ಬರುವ ದಾರಿಯನ್ನೇ ಒರೆಸಿದನಲ್ಲ!”

ಸ್ವಾಮಿಗಳು ನಗಲಿಲ್ಲ. “ಸರಿ, ನಿನ್ನದನ್ನೂ ಈಗಲೇ ಒರೆಸಿಬಿಡೋಣ, ಆಮೇಲೆ ಹೆಂಡತಿಯ ಹತ್ತಿರ ಯಾವ ದಾರಿಯಲ್ಲಿ ಹೋಗುತ್ತೀಯ?”