ಬಟ್ಟಲಿಗೆ ಬೀಳದ ಅನ್ನ

"ಗುರುಗಳೇ, ಅಳೆದು ಉಂಡರೂ ಮೈ ಇಳಿಯದವರು ಕದ್ದು ತಿನ್ನುತ್ತಾರೆ ಎಂದೇ ಅರ್ಥ ಅಲ್ಲವೇ?"

ಹೀಗೆ ಕೇಳಿದವನು ಗೃಹಸ್ಥನಾದ ಒಬ್ಬ ಶಿಷ್ಯ. ನಮಸ್ಕಾರ ಮಾಡಿ ಏಳುವಾಗ ಅವನ ಸೊಂಟದಲ್ಲಿ ಬೀಗದ ಕೈಗೊಂಚಲು ಗಲ್ಲೆಂದಿತ್ತು. ಗುರುಗಳು ಅದನ್ನೊಮ್ಮೆ ನೋಡಿದರು, ಅವನ ಮುಖವನ್ನೊಮ್ಮೆ ನೋಡಿದರು.

"ಯಾರ ವಿಷಯ ಇದು?" ಎಂದರು.

"ಯಾರದ್ದೂ ಇಲ್ಲ. ಧರ್ಮಸೂಕ್ಷ್ಮ ತಿಳಿಯೋಣ ಎಂದು ಸುಮ್ಮನೆ ಕೇಳಿದೆ."

ಗುರುಗಳು ಮೊದಲೇ ಮುಂಗೋಪಿ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಹಾಗಾದರೆ ಕೂತುಕೋ," ಎಂದು ಕತೆ ಶುರುಮಾಡಿದರು.

ಒಬ್ಬ ಬೆಲ್ಲದ ವರ್ತಕನಿದ್ದ. ಕಡ್ಡಿಯಂಥ ಆಳು. ಎಷ್ಟು ಬಡಿಸಿಕೊಂಡರೂ ಮೈಗೆ ಹತ್ತುವುದಿಲ್ಲ ಎಂದು ಊರ ತುಂಬ ಜಂಬ ಕೊಚ್ಚಿಕೊಳ್ಳುತ್ತಿದ್ದ. ಅವನ ಹೆಂಡತಿ ದಪ್ಪ. ಮದುವೆಯಾಗಿ ಬಂದಾಗ ಹಾಗಿರಲಿಲ್ಲ. ವರ್ಷ ಕಳೆದ ಹಾಗೆ ಮೈ ಬೆಳೆಯಿತು, ಮಂಡಿಗಳು ಸೋತವು. ಉಗ್ರಾಣದ ಹೊಸ್ತಿಲು ದಾಟಬೇಕಾದರೂ ಬಾಗಿಲು ಹಿಡಿದುಕೊಳ್ಳಬೇಕು. ವೈದ್ಯರು ನಾಡಿ ನೋಡಿ ಒಂದು ಪುಟ್ಟ ಕಂಚಿನ ಬಟ್ಟಲು ಕೊಟ್ಟರು. "ಬೆಳಿಗ್ಗೆ ಇದರಲ್ಲಿ ಒಂದು, ಮಧ್ಯಾಹ್ನ ಎರಡು, ರಾತ್ರಿ ಒಂದು. ಮೇಲೆ ಒಂದು ತುತ್ತೂ ಕೂಡದು, ತಾಯಿ. ಈ ಮೈ ಇಳಿಯದಿದ್ದರೆ ನೀನು ಹಾಸಿಗೆ ಹಿಡಿಯುತ್ತೀ," ಎಂದರು.

ಅವಳು ಹಟದ ಹೆಂಗಸು. ಬಟ್ಟಲು ತುಂಬಿ, ಸೌಟಿನ ಹಿಡಿಯಿಂದ ಮೇಲೆ ಸವರಿ, ಹೆಚ್ಚಾದ ಅಗುಳನ್ನು ಪಾತ್ರೆಗೆ ಮರಳಿ ಬೀಳಿಸುವಳು. ಬೆಳಗಿನ ಒಂದು ಬಟ್ಟಲು ಅಂಬಲಿ ಯಾವ ಮೂಲೆಗೆ? ಹೊತ್ತು ಏರುವ ಮೊದಲೇ ಹೊಟ್ಟೆ ಚುರುಗುಟ್ಟುವುದು. ನೀರು ಕುಡಿದು, ಸೆರಗು ಬಿಗಿದು ಒಲೆಯ ಮುಂದೆ ನಿಲ್ಲುವಳು. ಬೆಲ್ಲದ ವರ್ತಕನ ಮನೆ; ದಿನಕ್ಕೊಂದು ಸಿಹಿ ಆಗಲೇಬೇಕು. ಪಾಯಸ ಕಾಯಿಸುವವಳು ಅವಳೇ, ಹಪ್ಪಳ ಕರಿಯುವವಳು ಅವಳೇ. ನಾಲಿಗೆಗೆ ಒಂದು ತೊಟ್ಟು ಹಾಕಿ ರುಚಿ ಸಹ ನೋಡುತ್ತಿರಲಿಲ್ಲ. ಹಸಿದ ಹೊಟ್ಟೆಯಲ್ಲಿ ಇನ್ನೊಬ್ಬರಿಗೆ ಬೇಯಿಸಿ ಹಾಕುವುದು ಎಂದರೇನು ಎಂದು ನಮಗೇನು ಗೊತ್ತು? ಏಕಾದಶಿಯ ದಿನ ಒಂದು ಹೊತ್ತು ಬಿಟ್ಟರೆ ಮನೆಮಂದಿಯ ಮೇಲೆಲ್ಲ ಹಾರಾಡುವ ಗಂಡಸರು ನಾವು!

ಆ ಮನೆಯಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಗಂಡ ಉಂಡು ಎದ್ದ ಎಲೆಯಲ್ಲೇ ಹೆಂಡತಿ ಉಣ್ಣಬೇಕು. ಅವನು ಬಿಟ್ಟದ್ದು ಅವಳಿಗೆ ಪ್ರಸಾದ. "ಅದನ್ನು ಚೆಲ್ಲಿದರೆ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆ," ಎಂದು ಮನೆ ತುಂಬಿಸಿಕೊಂಡ ದಿನವೇ ಅತ್ತೆ ಹೇಳಿದ್ದಳು. ಅತ್ತೆ ಹೋದಳು, ಮಾತು ಉಳಿಯಿತು. ವರ್ತಕನಿಗೋ ಎಲೆ ತುಂಬಿದ್ದರೇ ಊಟ. "ಬಡಿಸು, ಬಡಿಸು, ನಿಮ್ಮಪ್ಪನ ಮನೆಯ ಗಂಟೇ?" ಎನ್ನುವನು. ಅರ್ಧ ಉಂಡು ಕೈ ತೊಳೆಯಲು ಏಳುವನು. ಏಳುವಾಗ, "ನನ್ನನ್ನು ನೋಡಿ ಕಲಿ, ನಾಲಿಗೆ ಹಿಡಿತದಲ್ಲಿರಬೇಕು," ಎಂದು ಬುದ್ಧಿ ಬೇರೆ. ಅವಳು ಆ ಎಲೆಯ ಮುಂದೆ ಕೂತು, ಪ್ರಸಾದ ಮುಗಿಸಿ, ಆಮೇಲೆ ತನ್ನ ಎರಡು ಬಟ್ಟಲು ಅಳೆದುಕೊಳ್ಳುವಳು. ಪ್ರಸಾದವನ್ನು ಯಾರಾದರೂ ಅಳೆಯುತ್ತಾರೆಯೇ? ಅದೂ ಊಟವೇ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಬಟ್ಟಲು ಮನೆಗೆ ಬಂದ ದಿನ ವರ್ತಕ ಅವಳನ್ನು ಅಂಗಡಿಯ ತಕ್ಕಡಿಯಲ್ಲಿ ಕೂರಿಸಿ ತೂಗಿದ್ದ. ತಕ್ಕಡಿ ಎಂದರೆ ತರಕಾರಿಯವರದ್ದಲ್ಲ. ತೊಲೆಗೆ ಸರಪಳಿ ಹಾಕಿ ಬೆಲ್ಲದ ಮೂಟೆ ತೂಗುವಂಥದ್ದು. ಅದು ಶ್ರಾವಣದ ಮಾತು. ದೀಪಾವಳಿ ಮುಗಿದ ಮೇಲೆ ಮತ್ತೆ ಕರೆಸಿದ. ಹಮಾಲರು ನಿಂತಿದ್ದರು, ಗಿರಾಕಿಗಳಿದ್ದರು. ಹಿಂದೆ ಇಟ್ಟಷ್ಟೇ ತೂಕದ ಕಲ್ಲು ಇಟ್ಟ. ಕಲ್ಲಿನ ತಟ್ಟೆ ಮೇಲಕ್ಕೆ ಹೋಯಿತು, ಅವಳ ತಟ್ಟೆ ನೆಲಕ್ಕೆ ಕೂತಿತು. ಹಮಾಲರಲ್ಲಿ ಒಬ್ಬ ಕಿಸಕ್ಕೆಂದ.

ಇಲ್ಲಿ ಶಿಷ್ಯನೂ ಸಣ್ಣಗೆ ನಕ್ಕ.

"ನಗು ಬಂತೇ?" ಗುರುಗಳು ಗದರಿದರು. "ಹಮಾಲನಿಗೂ ಬಂತು. ಅವಳಿಗೆ ಏನು ಬಂತು ಎಂದು ಕೇಳು."

ಕತೆ ಮುಂದುವರಿಯಿತು.

"ಊರಿಗೆಲ್ಲ ಬಟ್ಟಲು ತೋರಿಸಿ ಉಗ್ರಾಣದಲ್ಲಿ ನುಂಗುತ್ತೀಯೇನೇ, ಕಳ್ಳಿ?" ಎಂದ ವರ್ತಕ.

"ತಿನ್ನುವ ಅನ್ನದ ಆಣೆ, ನಾನು ಕದ್ದಿಲ್ಲರೀ."

"ನಿನ್ನ ಬಾಯಿ ಸುಳ್ಳು ಹೇಳಬಹುದು, ನನ್ನ ತಕ್ಕಡಿ ಹೇಳುವುದಿಲ್ಲ," ಎಂದವನೇ ಅವಳ ಸೊಂಟದಿಂದ ಉಗ್ರಾಣದ ಬೀಗದ ಕೈ ಕಿತ್ತು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ.

ಆ ಬೀಗದ ಕೈ ಅತ್ತೆ ಕಣ್ಣು ಮುಚ್ಚುವ ಮುಂಚೆ ಅವಳ ಕೈಗೆ ಇಟ್ಟದ್ದು. ಅದು ಸೊಂಟದಲ್ಲಿದ್ದರೆ ಮನೆಯೊಡತಿ, ಇಲ್ಲದಿದ್ದರೆ ಅಡುಗೆಯಾಳು. ಇನ್ನು ಒಂದು ಮೆಣಸಿನಕಾಯಿ ಬೇಕೆಂದರೂ ಗಂಡನ ಮುಂದೆ ನಿಂತು ಬೇಡಬೇಕು. ಹಸಿದುಕೊಂಡು ಬೇಯಿಸಿದವಳು ಇವಳು, ಕಳ್ಳಿ ಎನಿಸಿಕೊಂಡವಳೂ ಇವಳೇ. ಇದ್ಯಾವ ಸೀಮೆಯ ನ್ಯಾಯ? ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಒಲೆಯ ಮುಂದೆ ಶಪಥ ಮಾಡಿದಳು. ಸತ್ತರೂ ಸರಿಯೇ, ಈ ಬಟ್ಟಲಿಗೆ ಬೀಳದ ಒಂದೇ ಒಂದು ಅಗುಳೂ ಇನ್ನು ನನ್ನ ಬಾಯಿಗೆ ಬೀಳಬಾರದು.

ಮರುದಿನ ಮಧ್ಯಾಹ್ನ ಗಂಡ ಎದ್ದು ಅಂಗಡಿಗೆ ಹೋದ. ಅವಳು ಅವನ ಎಲೆಯ ಮುಂದೆ ಕೂತಳು. ಪ್ರಸಾದಕ್ಕೆ ಕೈ ಹಾಕಿದವಳು ಹಾಗೇ ತಡೆದಳು. ಆಡಿದ ಮಾತು ಆಡಿದ್ದೇ. ಬಟ್ಟಲು ತಂದು, ಎಲೆಯಲ್ಲಿದ್ದ ತುಪ್ಪದನ್ನವನ್ನು ಅದಕ್ಕೆ ತುಂಬಿದಳು. ಬಟ್ಟಲು ತುಂಬಿತು. ಅದನ್ನು ಬೇರೊಂದು ಬಾಳೆಲೆಯ ಚೂರಿಗೆ ಸುರಿದು, ಹುಳಿಯನ್ನ, ಪಲ್ಯ, ಮುರಿದು ಬಿಟ್ಟ ಹಪ್ಪಳ ಎಲ್ಲ ಬಾಚಿದಳು. ಮತ್ತೆ ತುಂಬಿತು. ಎಲೆಯಲ್ಲಿ ಇನ್ನೂ ಪಾಯಸದ ಶಾವಿಗೆಯಿತ್ತು, ಮೊಸರನ್ನವಿತ್ತು. ಮೂರನೆಯ ಸಲವೂ ಬಟ್ಟಲು ತುಂಬಿತು. ಅವಳ ಪಾಲಿನ ಊಟ ಇನ್ನೂ ಪಾತ್ರೆಯಲ್ಲೇ ಇತ್ತು.

ಅಯ್ಯೋ ನನ್ನ ಕರ್ಮವೇ, ಎಂದುಕೊಂಡಳು. ಅವರು ಕಡ್ಡಿಯಾಗಿರುವುದು ನಾಲಿಗೆಯ ಹಿಡಿತದಿಂದ ಅಲ್ಲ. ಅವರ ಎಲೆಯ ಅರ್ಧ ಊಟ ನನ್ನ ಮೈಮೇಲಿದೆ. ಕಡಿಮೆ ತಿನ್ನು ಎಂದು ಹೇಳುತ್ತ ಹೇಳುತ್ತಲೇ ನನಗೆ ಬಡಿಸಿದವರು ಅವರೇ!

ಆ ಮನೆಗೆ ಬಂದ ಮೇಲೆ ಮೊದಲ ಸಲ ಅವಳು ತನಗಾಗಿ ಹೊಸ ಎಲೆ ಹಾಸಿದಳು. ಬಿಸಿಬಿಸಿಯಾಗಿ ತನ್ನ ಎರಡು ಬಟ್ಟಲು ಬಡಿಸಿಕೊಂಡು ನಿಧಾನವಾಗಿ ಉಂಡಳು. ಹೊಟ್ಟೆ ತುಂಬಿತೆಂದರೆ ಸುಳ್ಳಾಗುತ್ತದೆ. ಇನ್ನೂ ಬೇಕು ಎನ್ನುತ್ತಿತ್ತು. ಅದಕ್ಕೆ ಒಂದು ಲೋಟ ನೀರುಮಜ್ಜಿಗೆ ಕುಡಿಸಿ, "ಸ್ವಲ್ಪ ತಾಳು, ರಾತ್ರಿ ಕೊಡುತ್ತೇನೆ," ಎಂದು ಸಮಾಧಾನ ಹೇಳಿ ಎದ್ದಳು. ಎದ್ದವಳು ಆ ಎಂಜಲನ್ನು ಎಲೆಯ ಸಮೇತ ಎತ್ತಿಕೊಂಡು, ಮಂಡಿ ನೋವಿಗೂ ನಿಲ್ಲದೆ, ನೆಟ್ಟಗೆ ಅಂಗಡಿಗೆ ಹೋಗಿ ತಕ್ಕಡಿಯ ತಟ್ಟೆಯಲ್ಲಿ ಇಟ್ಟಳು.

ವರ್ತಕ ಹೌಹಾರಿ ಎದ್ದ. "ಲಕ್ಷ್ಮಿ ಇರುವ ಜಾಗಕ್ಕೆ ಎಂಜಲು ತರುತ್ತೀಯಾ? ನಿನಗೆ ತಲೆ ಕೆಟ್ಟಿದೆಯೇ?"

"ನಿಮ್ಮ ಎಂಜಲು ನನ್ನ ಹೊಟ್ಟೆಯೊಳಗೆ ಹೋಗಬಹುದು, ನಿಮ್ಮ ಅಂಗಡಿಯೊಳಗೆ ಬರಬಾರದೇ?" ಎಂದಳು ಅವಳು. "ನಿನ್ನೆ ನನ್ನನ್ನು ತೂಗಿದಿರಿ. ಇವತ್ತು ನೀವು ಬಿಟ್ಟದ್ದನ್ನು ತೂಗಿ. ವೈದ್ಯರ ಬಟ್ಟಲಿನಲ್ಲಿ ಮೂರು ತುಂಬಿತು. ದಿನವೂ ಇಷ್ಟನ್ನು ಪ್ರಸಾದವೆಂದು ತಿಂದೆ, ಆಮೇಲೆ ನನ್ನದನ್ನು ಅಳೆದುಕೊಂಡೆ. ನಾನು ಕದ್ದದ್ದು ಯಾವುದು? ಇದೇ ಜನರ ಮುಂದೆ ಹೇಳಿ."

ಅಷ್ಟು ದೊಡ್ಡ ತಕ್ಕಡಿ ಅಷ್ಟು ಅನ್ನಕ್ಕೆ ಅಲುಗಲೂ ಇಲ್ಲ. ಆದರೆ ಒಬ್ಬರೂ ನಗಲಿಲ್ಲ. ನಿನ್ನೆ ಕಿಸಕ್ಕೆಂದ ಹಮಾಲ ತಲೆ ತಗ್ಗಿಸಿದ. ಅವಳು ಬೀಗದ ಕೈಗಾಗಿ ಅವನ ಮುಂದೆ ಕೈ ಚಾಚಿ ನಿಂತಳು.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಅವರು ಮುಂದೆ ಹೇಳುವ ಹಾಗೆ ಕಾಣಲಿಲ್ಲ.

"ಆಮೇಲೆ, ಗುರುಗಳೇ? ವರ್ತಕ ಬೀಗದ ಕೈ ಕೊಟ್ಟನೇ?"

"ಇನ್ನೂ ಕೊಟ್ಟಿಲ್ಲ, ನಿನ್ನ ಸೊಂಟದಲ್ಲೇ ಇದೆ," ಎಂದರು ಗುರುಗಳು.