ಪಾರುಪತ್ಯಗಾರನ ಜಗಲಿ

ಮರಡಿಕೋಟೆಯ ಹಳೇಪೇಟೆಯಲ್ಲಿ ದಾರಿ ಕೇಳಿದರೆ ಯಾರೂ ಬೀದಿಯ ಹೆಸರು ಹೇಳುವುದಿಲ್ಲ. ‘ಪಾರುಪತ್ಯಗಾರನ ಜಗಲಿ ದಾಟಿ ಎಡಕ್ಕೆ ತಿರುಗಿ’ ಎನ್ನುತ್ತಾರೆ. ಹೊಸಬರು ಯಾವುದೋ ಅಧಿಕಾರಿಯ ದೊಡ್ಡ ಮನೆ ಹುಡುಕುತ್ತ ಅದರ ಮುಂದೆಯೇ ಓಡಾಡಿ ವಾಪಸು ಬರುತ್ತಾರೆ. ಅಲ್ಲಿರುವುದು ತಗ್ಗು ಮಾಡಿನ ಒಂದು ನೇಕಾರರ ಮನೆ. ಮುಂದೆ ಉದ್ದಕ್ಕೂ ಚಾಚಿದ ಜಗಲಿ, ಸವೆದು ನುಣುಪಾದ ಅಂಚುಗಲ್ಲು, ಗಿಳಿ ಕೆತ್ತಿದ ಮರದ ಕಂಬಗಳು. ತಲೆಮಾರುಗಟ್ಟಲೆ ಮಕ್ಕಳು ಹಿಡಿದು ಜೋಲಾಡಿ ಗಿಳಿಗಳಿಗೆ ಈಗ ಕೊಕ್ಕು ಉಳಿದಿಲ್ಲ. ಪಾರುಪತ್ಯಗಾರನೆಂದರೆ ಪಾಳೆಯಗಾರರ ಕಾಲದಲ್ಲಿ ಪೇಟೆಯ ಆಡಳಿತ ನೋಡುತ್ತಿದ್ದವನು. ಈ ಮನೆಯಲ್ಲಿ ಒಂದು ಹೆಂಚೂ ಅವನದಲ್ಲ. ಆದರೂ ಜಗಲಿ ಅವನ ಹೆಸರಿಗೆ ಬಿತ್ತು.

ಹಿಂದೆ ಒಮ್ಮೆ, ಬರಗಾಲದ ವರ್ಷ, ಗುಳೆ ಹೊರಟವರ ಗುಂಪಿನಿಂದ ತಪ್ಪಿಸಿಕೊಂಡ ಒಬ್ಬ ಹುಡುಗಿ ಈ ಜಗಲಿಯ ಮೇಲೆ ಬಿದ್ದು ನಿದ್ದೆಹೋದಳಂತೆ. ಬೆಳಗ್ಗೆ ಮನೆಯ ಯಜಮಾನಿ ಸಿರಿಯಮ್ಮ ಬಾಗಿಲಿಗೆ ನೀರು ಹಾಕಲು ಬಂದವಳು, ಮಗುವನ್ನು ಕಂಡು ಕೊಡವನ್ನು ಸದ್ದಾಗದಂತೆ ಕೆಳಗಿಟ್ಟು ಒಳಗೆ ಹೋದಳು. ಜಗಲಿಯ ಮೇಲೆ ಮಲಗಿದವರನ್ನು ಎಬ್ಬಿಸಬಾರದೆಂಬುದು ಆ ಮನೆಯ ಪದ್ಧತಿ. ಜಂಗಮನಾಗಲಿ, ಬಳೆಗಾರನಾಗಲಿ, ಕಳ್ಳನೇ ಆಗಲಿ, ತಾನಾಗಿ ಎದ್ದ ಮೇಲೆಯೇ ಮಾತು. ಹುಡುಗಿ ಏಳುವಾಗ ಹೊತ್ತು ನೆತ್ತಿಗೇರಿತ್ತು, ಬಾಗಿಲಿಗೆ ರಂಗೋಲಿ ಬಿದ್ದಿರಲಿಲ್ಲ. ಅವಳೇ ಹೊನ್ನಾಜಿ. ಮುಂದೆ ಅದೇ ಮನೆಗೆ ಸೊಸೆಯಾಗಿ, ಸಿರಿಯಮ್ಮನ ನಂತರ ಯಜಮಾನಿಯಾಗಿ, ಹೊನ್ನಾಜಮ್ಮ ಎನಿಸಿಕೊಂಡಳು. ಬೇರೆ ಸೊಸೆಯಂದಿರು ಹಬ್ಬಕ್ಕೆ ತವರಿಗೆ ಹೊರಟರೆ ಅವಳು ಹೊಸಿಲು ದಾಟಿ ಜಗಲಿಯ ಮೇಲೆ ಕೂತು ಬರುತ್ತಿದ್ದಳು. ಅವಳಿಗಿದ್ದ ತವರು ಅಷ್ಟೇ.

ಹೀಗಿರುವಾಗ ಕೋಟೆಯ ಪಾಳೆಯಗಾರ ನಾಯಕರಿಗೆ ಹೊಸ ಪಲ್ಲಕ್ಕಿ ಬಂತು. ಅದರ ಅಗಲಕ್ಕೆ ಪೇಟೆಯ ಬೀದಿ ಸಾಲದಾಯಿತು. (ಅಗಲವಾಗಿದ್ದದ್ದು ಪಲ್ಲಕ್ಕಿಯಲ್ಲ, ನಾಯಕರೇ ಎನ್ನುವವರೂ ಇದ್ದಾರೆ, ಆ ಕಾಲದಲ್ಲಿ ಹಾಗೆ ಅಂದವರು ಯಾರೂ ಉಳಿದಿಲ್ಲ.) ಗಟ್ಟಿಯಿರುವ ಜಗಲಿಗಳನ್ನು ಬಿಡಿ, ಮುರುಕು ಜಗಲಿಗಳನ್ನು ಕೆಡವಿ ಎಂದು ಅಪ್ಪಣೆಯಾಯಿತು. ಹೊನ್ನಾಜಮ್ಮನ ಜಗಲಿಯಲ್ಲಿ ಒಂದು ಕಂಬವನ್ನು ಗೆದ್ದಲು ತಿಂದಿತ್ತು, ನೆಲದ ಕಲ್ಲುಗಳ ಸಂದಿಯನ್ನು ಹೆಗ್ಗಣ ತೋಡಿತ್ತು. ಅವಳು ಅಟ್ಟದ ತೊಲೆ ಬಿಚ್ಚಿಸಿ ಕಂಬ ನಿಲ್ಲಿಸಿದಳು. ಗಾರೆಯ ಕೆಲಸದ ಕೆಂಚವೀರ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಅರೆಸಿ, ಒಂದು ಕೊನೆಯಿಂದ ನೆಲಕ್ಕೆ ಗಾರೆ ಬಳಿಯುತ್ತ ಬಂದ. ಅಷ್ಟರಲ್ಲಿ ಪಾರುಪತ್ಯಗಾರ ಬೊಮ್ಮಲಿಂಗನಾಯಕ ಗುದ್ದಲಿ ಆಳುಗಳೊಂದಿಗೆ ಬಂದೇಬಿಟ್ಟ. ಸಂಜೆ ಕೋಟೆಯ ನಗಾರಿ ಬಾರಿಸುವುದರೊಳಗೆ ಮುಗಿದರೆ ಸರಿ, ಇಲ್ಲವಾದರೆ ಕೆಡವುವುದೇ ಎಂದು ಹೇಳಿ ಕಾಯುತ್ತ ಕೂತ.

ಮನೆಬಾಗಿಲಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕೂರಿಸುವುದುಂಟೇ. ಹೊನ್ನಾಜಮ್ಮ ಮುದ್ದೆ, ಹುರುಳಿಸಾರು, ಮೇಲಿಷ್ಟು ಮಜ್ಜಿಗೆ ಕೊಟ್ಟಳು. ಪಾರುಪತ್ಯಗಾರ ಉಂಡು, ಜಗಲಿಯ ಇನ್ನೊಂದು ಕೊನೆಯ ನೆರಳಿಗೆ ತಲೆಯ ರುಮಾಲು ಬಿಚ್ಚಿಟ್ಟು ಸ್ವಲ್ಪ ಒರಗಿದ. ಒರಗಿದ್ದು ಉರುಳಿತು. ಕೈಕಾಲು ನಾಲ್ಕು ದಿಕ್ಕಿಗೆ ಚಾಚಿ ಹೊಡೆದ ಗೊರಕೆ ಕೆರೆಯ ಏರಿಯವರೆಗೂ ಕೇಳಿತಂತೆ. ಕೊಕ್ಕರೆಗಳು ಎದ್ದವು ಎಂಬುದನ್ನು ಬೇಕಾದರೆ ಬಿಡಿ.

ಕೆಂಚವೀರನ ಕೊಡತಿ ಗಾರೆ ಬಡಿಯುತ್ತ ಬಡಿಯುತ್ತ ಅವನ ಪಾದದ ಹತ್ತಿರ ಬಂದು ನಿಂತಿತು.

“ಅವ್ವಾ, ಎಬ್ಬಿಸು ಇವರನ್ನ. ಗಾರೆ ಕಾಯಲ್ಲ, ಹೊತ್ತೂ ಕಾಯಲ್ಲ” ಎಂದ.

ಹೊನ್ನಾಜಮ್ಮ ಬಗ್ಗಿ ಭುಜಕ್ಕೆ ಕೈ ನೀಡಿದಳು. ಒಂದು ಸಲ ಅಲುಗಾಡಿಸಿದರೆ ಜಗಲಿ ಉಳಿಯುತ್ತಿತ್ತು. ಉಳಿದ ಮೇಲೆ ಅದು ಯಾವ ಜಗಲಿ? ಅವಳು ಕೈಯನ್ನು ಹಿಂದೆಗೆದುಕೊಂಡಳು.

“ಸುತ್ತ ಬಳಿ.”

“ಸುತ್ತಾನಾ?”

“ಸುತ್ತ. ಬಲಗೈ ಚಾಚಿದ್ದಾರೆ, ನೋಡ್ಕೊಂಡು ಬಳಿ.”

ಗುದ್ದಲಿ ಆಳುಗಳು ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕರು. ಕೆಂಚವೀರ ಬೆರಳುಗಳ ಸಂದಿಯನ್ನೂ ಬಿಡದೆ, ಹೊಟ್ಟೆಯ ಹತ್ತಿರ ಹೆಚ್ಚು ಜಾಗ ಕೊಟ್ಟು, ಗಾರೆ ಬಳಿದು ಬಡಿದು ಕಲ್ಲಿನಿಂದ ಉಜ್ಜಿದ. ಉಜ್ಜಿ ತಲೆಯೆತ್ತುವುದಕ್ಕೂ ನಗಾರಿ ಬಾರಿಸುವುದಕ್ಕೂ ಸರಿಹೋಯಿತು.

ಪಾರುಪತ್ಯಗಾರ ಕಣ್ಣುಬಿಟ್ಟ. ಏಳಲೆಂದು ಕೈಯೂರಿದ ಕಡೆ ಹಸಿ ಗಾರೆ. ಕುಳಿತಲ್ಲೇ ಸುತ್ತಲೂ ನೋಡಿದ.

“ಏನಮ್ಮ, ನನ್ನನ್ನ ಯಾಕೆ ಎಬ್ಬಿಸಲಿಲ್ಲ?”

“ನನ್ನನ್ನೂ ಇಲ್ಲಿ ಯಾರೂ ಎಬ್ಬಿಸಲಿಲ್ಲ, ನಾಯಕರೆ” ಎಂದಳು ಹೊನ್ನಾಜಮ್ಮ. ಆ ಬರಗಾಲದ ಬೆಳಗನ್ನು ನಾಲ್ಕು ಮಾತಿನಲ್ಲಿ ಹೇಳಿದಳು.

ಆಳುಗಳಲ್ಲೊಬ್ಬ ಗುದ್ದಲಿ ಹೆಗಲಿಗೇರಿಸಿ, ನೆಲ ಪೂರ್ತಿಯಾಗಿಲ್ಲ, ಕೆಡವುವುದೋ ಎಂದು ಕೇಳಿದ. ಪಾರುಪತ್ಯಗಾರ ತನ್ನ ಕೆಳಗಿನ ಹಳೆಯ ಕಲ್ಲನ್ನು ಅಂಗೈಯಿಂದ ಸವರಿದ. ಅವನಿಗೂ ಎಷ್ಟು ದಿನವಾಗಿತ್ತೋ ಅಂಥ ನಿದ್ದೆ ಬಂದು.

“ಇಷ್ಟು ನನ್ನ ಪಾಲು. ಉಳಿದದ್ದು ಮುಗಿದಿದೆಯಲ್ಲ” ಎಂದ.

ಅವನನ್ನು ಹಲಗೆ ಹಾಕಿ, ಕಂಕುಳಿಗೆ ಕೈಕೊಟ್ಟು ಎತ್ತಿ ಬೀದಿಗೆ ಇಳಿಸಿದರು ಎನ್ನುತ್ತಾರೆ. ರುಮಾಲು ಅಂಟಿಕೊಂಡು ಅಲ್ಲಿಯೇ ಉಳಿಯಿತೆಂದೂ ಹೇಳುತ್ತಾರೆ.

ಈಗಲೂ ಹೋದವರು ನೋಡಬಹುದು: ಹೊಳೆಯುವ ಗಾರೆಯ ನಡುವೆ ಕೈಕಾಲು ಚಾಚಿದ ಒಬ್ಬ ಮನುಷ್ಯನಷ್ಟು ಜಾಗದಲ್ಲಿ ಬರಿಯ ಹಳೆಯ ಕಲ್ಲು. ಆಮೇಲೆ ನೆಲವನ್ನು ಎಷ್ಟೋ ಸಲ ರಿಪೇರಿ ಮಾಡಿದ್ದಾರೆ. ಅದನ್ನು ಮಾತ್ರ ಮುಚ್ಚಿಲ್ಲ. ಈಚೆಗೆ ಒಬ್ಬ ಮೇಸ್ತ್ರಿ ಸಿಮೆಂಟು ಕಲಸಿ ತಂದಾಗ ಮನೆಯ ಅಜ್ಜಿಯೊಬ್ಬರು ಮಾತಾಡದೆ ಹೋಗಿ ಅದರೊಳಗೆ ಮಲಗಿಬಿಟ್ಟರಂತೆ. ಮಧ್ಯಾಹ್ನದ ಬಿಸಿಲಿನಲ್ಲಿ ಹೋದರೆ ಯಾರಾದರೊಬ್ಬರು ಅಲ್ಲಿ ನಿದ್ದೆಯಲ್ಲಿರುತ್ತಾರೆ. ಬೀದಿಯ ಜನ ಅಲ್ಲಿಗೆ ಬಂದಾಗ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು ದಾಟುತ್ತಾರೆ.