ಲಾಯದ ಬಾಗಿಲು

“ಗುರುಗಳೇ, ಮಠದ ದಾಸೋಹದಲ್ಲಿ ಗೊಂದಲ ಹೆಚ್ಚಾಗಿದೆ. ಒಂದು ತಿಂಗಳು ಬಾಗಿಲು ಮುಚ್ಚಿ ಎಲ್ಲವನ್ನೂ ಸರಿಪಡಿಸಲೇ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಬ್ಬ ರಾಜನ ಲಾಯದಲ್ಲಿ ಸಾವಿರಾರು ಕುದುರೆಗಳಿದ್ದವು. ಗಡಿಯಲ್ಲಿ ಯುದ್ಧ ನಡೆದಿತ್ತು. ಸುದ್ದಿ ಒಯ್ಯುವ ಸವಾರರು ಹಗಲಿರುಳೆನ್ನದೆ ಬಂದು, ದಣಿದ ಕುದುರೆ ಬಿಟ್ಟು ಬೇರೆ ಕುದುರೆ ಹತ್ತಿ ಹೋಗುತ್ತಿದ್ದರು. ಒಂದೇ ಬಣ್ಣದ, ಒಂದೇ ಹೆಸರಿನ ಕುದುರೆಗಳು ಎಷ್ಟೋ ಇದ್ದವು. ಒಮ್ಮೆ ಕಾಲುನೋವಿನ ಕುದುರೆಯನ್ನು ಅದೇ ಹೆಸರಿನ ಇನ್ನೊಂದೆಂದು ತಿಳಿದು ಸವಾರನಿಗೆ ಕೊಟ್ಟುಬಿಟ್ಟರು. ಅದು ಹಳ್ಳ ದಾಟುವಾಗ ಮುಗ್ಗರಿಸಿತು. ಸವಾರ ಸೊಂಟ ಮುರಿದುಕೊಂಡ.

ಲಾಯದ ಮೇಲ್ವಿಚಾರಕ ಅವನನ್ನು ನೋಡಿ ಬಂದ. ಅಂದು ಅವನಿಗೆ ಊಟ ಸೇರಲಿಲ್ಲ. ಒಂದೊಂದು ಕುದುರೆಗೂ ಬೇರೆ ಬೇರೆ ಗುರುತಿನ ಬಿಲ್ಲೆ ಕಟ್ಟಲೇಬೇಕೆಂದು ನಿಶ್ಚಯಿಸಿ ರಾಜನ ಬಳಿಗೆ ಹೋದ.

“ಆಗಲಿ. ಲಾಯವನ್ನು ಎಷ್ಟು ದಿನ ಮುಚ್ಚಬೇಕು?” ಎಂದು ರಾಜ ಕೇಳಿದ.

“ಸವಾರರನ್ನು ನಿಲ್ಲಿಸಿದರೆ ಗಡಿ ಉಳಿಯುವುದಿಲ್ಲ, ಪ್ರಭು. ಬಾಗಿಲನ್ನು ಒಂದು ಸಲ ಮುಚ್ಚಿ ತೆರೆಯುವಷ್ಟು ಹೊತ್ತು ಸಾಕು.”

ರಾಜನಿಗೆ ನಂಬಿಕೆ ಬರಲಿಲ್ಲ, ಆದರೂ ಒಪ್ಪಿದ.

ಮೇಲ್ವಿಚಾರಕ ಹೊಸದಾಗಿ ಬರುವ ಕುದುರೆಗಳಿಗೆ ಬಾಗಿಲಲ್ಲೇ ಬಿಲ್ಲೆ ಕಟ್ಟಿಸಿದ. ಹಳೆಯವಕ್ಕೆ ಮೇಯುವಾಗ, ನೀರು ಕುಡಿಯುವಾಗ ಸ್ವಲ್ಪಸ್ವಲ್ಪವಾಗಿ ಕಟ್ಟುತ್ತ ಹೋದ. ಸವಾರ ಬಂದರೆ ಪಕ್ಕಕ್ಕೆ ಸರಿದು ನಿಂತ. ತಾನು ಹಿಡಿದಿದ್ದ ಕುದುರೆಯೇ ಬೇಕೆಂದರೆ ಅದನ್ನೂ ಬಿಟ್ಟುಕೊಟ್ಟು, ಮರಳಿ ಬಂದಾಗ ಕಟ್ಟಿದ. ಮುಗಿಯಿತು ಎಂದು ಆಳುಗಳು ಕೈ ತೊಳೆದುಕೊಂಡರು. ಅವನು ಮತ್ತೆ ಮೊದಲಿನಿಂದ ನೋಡುತ್ತ ಬಂದ. ಎರಡು ಕುದುರೆಗಳ ಕೊರಳಲ್ಲಿ ಒಂದೇ ಗುರುತು ಕಂಡಿತು. ಸವಾರನಿಗೆ ಸಿಗುವ ಮೊದಲು ತನಗೇ ಸಿಕ್ಕಿತಲ್ಲ ಎಂದು ಸಮಾಧಾನಪಟ್ಟು, ಒಂದನ್ನು ಬದಲಿಸಿದ. ಗುರುತಿಲ್ಲದ ಕುದುರೆ ಇಲ್ಲ, ಎರಡಕ್ಕೆ ಒಂದೇ ಗುರುತೂ ಇಲ್ಲ ಎಂದು ಖಚಿತವಾದ ಮೇಲೆ, ಹೊಸ ಕಟ್ಟಳೆ ಹೇಳುವಷ್ಟರಲ್ಲಿ ಯಾವ ಕುದುರೆಯೂ ದಾಟದಂತೆ ಬಾಗಿಲು ಮುಚ್ಚಿಸಿದ.

“ಇನ್ನು ಮುಂದೆ ಬಿಲ್ಲೆಯನ್ನು ನೋಡದೆ ಯಾವ ಕುದುರೆಯನ್ನೂ ಬಿಡಬೇಡಿ” ಎಂದು ಕಾವಲಿನವರಿಗೆ ಆಜ್ಞೆ ಮಾಡಿ, ಬಾಗಿಲು ತೆರೆಸಿದ. ಆ ಹೊತ್ತಿಗೆ ಬಂದಿದ್ದ ಸವಾರ ಇನ್ನೂ ಕೆಳಗೆ ಇಳಿದಿರಲಿಲ್ಲ.

ಸುದ್ದಿ ಕೇಳಿದ ರಾಜ ತಾನೇ ಲಾಯಕ್ಕೆ ಬಂದ. ಸಾಲುಗಳ ನಡುವೆ ನಡೆದು ಬಿಲ್ಲೆಗಳನ್ನು ನೋಡಿದ. ತಾನು ಹೊದ್ದಿದ್ದ ಶಾಲನ್ನು ತೆಗೆದು ಮೇಲ್ವಿಚಾರಕನಿಗೆ ಹೊದಿಸಿದ.

ಶಿಷ್ಯ ಬೆರಗಾಗಿ, “ಅಷ್ಟು ದೊಡ್ಡ ಕೆಲಸಕ್ಕೆ ಅಷ್ಟೇ ಹೊತ್ತು ಮುಚ್ಚಿದರೆ ಸಾಕಾಯಿತೇ?” ಎಂದ.

ಗುರುಗಳು ಹೇಳಿದರು: “ಬಾಗಿಲು ಮುಚ್ಚುವುದು ಅವನ ಕೊನೆಯ ಕೆಲಸವಾಗಿತ್ತು, ನೀನು ಅದರಿಂದಲೇ ಶುರುಮಾಡಲು ಹೊರಟಿದ್ದೀಯೆ.”